ಆಂಟಿಆಕ್ಸಿಡೆಂಟ್ ಕ್ಯಾಪ್ಸೂಲ್ ಶುರುಮಾಡಿದರೆ ಅಸ್ತಮಾ ಇನ್ಹೇಲರ್ ಕಡಿಮೆ ಮಾಡಬಹುದಾ?

ದಿನಕ್ಕೆರಡು ಹೊತ್ತು ಬುಡೆಸೊನೈಡ್-ಫಾರ್ಮೊಟೆರಾಲ್ (ಊತ ಇಳಿಸುವ ಸ್ಟೀರಾಯ್ಡ್ ಮತ್ತು ಶ್ವಾಸನಾಳ ಸಡಿಲಿಸುವ ಔಷಧಿ ಸೇರಿದ ಇನ್ಹೇಲರ್) ಎಳೆಯುತ್ತಿದ್ದೀರಿ. ಜಿಂಕ್, ಸೆಲೆನಿಯಂ, ವಿಟಮಿನ್ ಸಿ, ಇ ಎಲ್ಲ ಸೇರಿದ ಕ್ಯಾಪ್ಸೂಲ್ ಶುರುಮಾಡಿ ಇನ್ಹೇಲರನ್ನು ಒಂದೇ ಹೊತ್ತಿಗೆ ಇಳಿಸಬಹುದಾ, ಯಾವ ಬ್ರಾಂಡ್ ಒಳ್ಳೆಯದು ಅಂತ ಕೇಳಿದ್ದೀರಿ. ಒಂದು ಕಾಲಕ್ಕೆ ನಾನೂ ಇದೇ ಲೆಕ್ಕ ಹಾಕಿದವನೇ. ಹಾಗಾಗಿ ಬ್ರಾಂಡ್ ಹೇಳಲ್ಲ, ಲೆಕ್ಕ ಎಲ್ಲಿ ತಪ್ಪುತ್ತದೆ ಅಂತ ಹೇಳುತ್ತೇನೆ.

ಕ್ಯಾಪ್ಸೂಲ್ ನುಂಗುವುದು ದೊಡ್ಡ ತಪ್ಪಲ್ಲ. ಅದನ್ನು ಶುರುಮಾಡಿದ ವಾರವೇ ಇನ್ಹೇಲರ್ ಕಡಿಮೆ ಮಾಡುವುದು ತಪ್ಪು. ಇನ್ಹೇಲರಿನ ಸ್ಟೀರಾಯ್ಡ್ ಶ್ವಾಸನಾಳದ ಊತವನ್ನು ಇಳಿಸಿಟ್ಟಿರುತ್ತದೆ. ಡೋಸ್ ಇಳಿಸಿದ ಮಾರನೇ ದಿನವೇ ಆ ಊತ ವಾಪಸ್ ಬರುವುದಿಲ್ಲ, ಎಷ್ಟೋ ಸಲ ವಾರಗಳೇ ಹಿಡಿಯುತ್ತವೆ. ಆ ವಾರಗಳಲ್ಲಿ ಉಸಿರು ಸಲೀಸಾಗಿಯೇ ಇರುವುದರಿಂದ ಹೆಸರು ಕ್ಯಾಪ್ಸೂಲಿಗೆ ಹೋಗುತ್ತದೆ. ಇನ್ನೊಂದು ನೋಡಿ: ಜನ ಕ್ಯಾಪ್ಸೂಲ್ ಹುಡುಕುವುದೇ ಜೋರಾಗಿ ದಮ್ಮು ಕಟ್ಟಿ, ಡಾಕ್ಟರು ಐದಾರು ದಿನ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಕೊಟ್ಟ ಮೇಲೆ. ಆಗ ಸಿಗುವ ಆರಾಮ ಪ್ರೆಡ್ನಿಸೊಲೋನಿನದು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿರುತ್ತದೆ, ಅಷ್ಟೆ. ಆಮೇಲೆ ಬೆಳಗಿನ ಜಾವದ ಕೆಮ್ಮು, ಎದೆಯಲ್ಲಿ ಸುಯ್‌ಸುಯ್ ಸದ್ದು, ದಮ್ಮು ಕಟ್ಟಿದಾಗ ಎಳೆಯುವ ಸಾಲ್ಬುಟಮಾಲ್ ಡಬ್ಬಿ ಬೇಗ ಖಾಲಿ. ಅಷ್ಟರಲ್ಲಿ ಒಂದು ನೆಗಡಿ ಬಂದರೆ ನೇರ ಎಮರ್ಜೆನ್ಸಿ. ತಿಂಗಳ ಹಿಂದೆ ಇನ್ಹೇಲರ್ ಇಳಿಸಿದ್ದು ಆಗ ಯಾರಿಗೂ ನೆನಪಾಗುವುದಿಲ್ಲ, ಎಲ್ಲರೂ ಧೂಳನ್ನು, ಹವೆಯನ್ನು ಬೈಯುತ್ತಾರೆ.

ಹಾಗಂತ ಆಂಟಿಆಕ್ಸಿಡೆಂಟ್ ಸಿದ್ಧಾಂತ ಸುಳ್ಳಲ್ಲ. ಅಸ್ತಮಾದಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಶ್ವಾಸನಾಳದೊಳಗೆ ಅದರ ಒಳಪದರಕ್ಕೆ ಹಾನಿ ಮಾಡುವ ಆಕ್ಸಿಡೆಂಟುಗಳನ್ನು ಸುರಿಯುತ್ತವೆ. ಅವನ್ನು ತಣಿಸುವ ಗ್ಲುಟಾಥಯೋನ್ ಪೆರಾಕ್ಸಿಡೇಸ್ ಕಿಣ್ವಕ್ಕೆ ಸೆಲೆನಿಯಂ ಬೇಕು. ಸೂಪರ್ ಆಕ್ಸೈಡ್ ಡಿಸ್ಮುಟೇಸ್ ಎಂಬ ಇನ್ನೊಂದು ಕಿಣ್ವಕ್ಕೆ ಜಿಂಕ್, ತಾಮ್ರ, ಮ್ಯಾಂಗನೀಸ್ ಬೇಕು. ಆದರೆ ಮಾತ್ರೆ ಕೊಟ್ಟು ನೋಡಿದಾಗ ಫಲ ಸಿಗಲಿಲ್ಲ. 2007ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗದಲ್ಲಿ 197 ಮಂದಿಯಲ್ಲಿ ಒಂದು ಗುಂಪಿಗೆ ದಿನಕ್ಕೆ 100 ಮೈಕ್ರೋಗ್ರಾಂ ಸೆಲೆನಿಯಂ, ಇನ್ನೊಂದಕ್ಕೆ ಹುಸಿಮಾತ್ರೆ, 24 ವಾರ ಕೊಟ್ಟರು; ಎರಡೂ ಗುಂಪಿನ ಅಸ್ತಮಾ ಹೆಚ್ಚುಕಡಿಮೆ ಒಂದೇ. 2003ರಲ್ಲಿ ದಿನಕ್ಕೆ 1 ಗ್ರಾಂ ವಿಟಮಿನ್ ಸಿ, ಇಲ್ಲವೇ 450 ಮಿ.ಗ್ರಾಂ ಮೆಗ್ನೀಷಿಯಂ ಕೊಟ್ಟು ನೋಡಿದ್ದರ ಕಥೆಯೂ ಅದೇ. ಆಸ್ಪತ್ರೆಯಲ್ಲಿ ಮೆಗ್ನೀಷಿಯಂ ಹಾಕುತ್ತಾರಲ್ಲ ಅನ್ನಬಹುದು. ಅದು ತೀವ್ರ ಅಟ್ಯಾಕಿನಲ್ಲಿ 2 ಗ್ರಾಂ ಮೆಗ್ನೀಷಿಯಂ ಸಲ್ಫೇಟನ್ನು 20 ನಿಮಿಷದಲ್ಲಿ ನರಕ್ಕೆ ಏರಿಸುವುದು, ಬಿಗಿದ ಸ್ನಾಯು ಸಡಿಲಾಗಲಿ ಅಂತ. ಮಾತ್ರೆಗೂ ಅದಕ್ಕೂ ಸಂಬಂಧವಿಲ್ಲ.

ಊಟದ ವಿಷಯ ಬೇರೆ. 2012ರ ಆಸ್ಟ್ರೇಲಿಯಾದ ಪ್ರಯೋಗವೊಂದರಲ್ಲಿ ತರಕಾರಿ, ಹಣ್ಣು ಕಡಿಮೆ ತಿಂದ ಅಸ್ತಮಾ ರೋಗಿಗಳಿಗೆ, ಚೆನ್ನಾಗಿ ತಿಂದವರಿಗಿಂತ, ರೋಗ ಉಲ್ಬಣಿಸುವ ಸಾಧ್ಯತೆ ಎರಡು ಪಟ್ಟಿಗೂ ಹೆಚ್ಚಿತ್ತು. ಅದರಲ್ಲೇ ಕೊಟ್ಟ ಟೊಮೇಟೊ ಲೈಕೊಪೀನ್ ಮಾತ್ರೆಯಿಂದ ಲಾಭವಾಗಲಿಲ್ಲ. ನನ್ನ ಮಟ್ಟಿಗೆ ಇಷ್ಟು ಸಾಕು: ದಿನಾ ಒಂದು ಸೀಬೆಹಣ್ಣು ಅಥವಾ ನೆಲ್ಲಿಕಾಯಿ, ಎರಡು ಹೊತ್ತೂ ಸೊಪ್ಪು-ತರಕಾರಿ, ಸೆಲೆನಿಯಂಗೆ ಮೊಟ್ಟೆ ಅಥವಾ ಮೀನು. ರಾಗಿ, ಕಾಳುಗಳಲ್ಲಿರುವ ಫೈಟೇಟ್ ಜಿಂಕನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೊಳಕೆ ಬರಿಸಿದರೆ ಬಿಡುತ್ತದೆ. ಆಂಟಿಆಕ್ಸಿಡೆಂಟ್ ಅಂತ ಬಂಗಾರದ ಬಣ್ಣದ ಒಣದ್ರಾಕ್ಷಿ, ಕಿತ್ತಳೆ ಬಣ್ಣದ ಏಪ್ರಿಕಾಟ್ ಮುಕ್ಕುವವರು ಪ್ಯಾಕೆಟ್ ಹಿಂದೆ 220, 223 ಅಂಕಿ ಇದೆಯಾ ನೋಡಿ. ಅವು ಹಣ್ಣು ಕೆಡದಂತೆ ಹಾಕುವ ಸಲ್ಫೈಟ್, ಕೆಲವು ಅಸ್ತಮಾದವರಿಗೆ ಅದರಿಂದಲೇ ದಮ್ಮು ಕಟ್ಟುತ್ತದೆ.

ಇನ್ಹೇಲರ್ ಇಳಿಸಲೇಬೇಕೆಂದರೆ ದಾರಿ ಇದೆ. ಸುಮಾರು ಮೂರು ತಿಂಗಳು ರಾತ್ರಿ ಎಚ್ಚರವಾಗದೆ, ಸಾಲ್ಬುಟಮಾಲ್ ಬೇಕಾಗದೆ ಕಳೆದಿದ್ದರೆ ಡಾಕ್ಟರೇ ಸ್ಟೀರಾಯ್ಡ್ ಡೋಸನ್ನು ಕಾಲು ಭಾಗದಿಂದ ಅರ್ಧದಷ್ಟು ಇಳಿಸುತ್ತಾರೆ. ನೆಗಡಿ ಇರುವಾಗ, ಪ್ರಯಾಣದ ಮುಂಚೆ ಬೇಡ. ಉಸಿರು ಊದುವ ವೇಗ ಅಳೆಯುವ ಪೀಕ್ ಫ್ಲೋ ಮೀಟರ್ ಕೊಂಡು ಬೆಳಿಗ್ಗೆ ಮೂರು ಸಲ ಊದಿ, ಹೆಚ್ಚು ಬಂದದ್ದನ್ನು ಬರೆದಿಡಿ. ನಿಮ್ಮ ಅತ್ಯುತ್ತಮ ಅಂಕಿಯ 80%ಗಿಂತ ಕೆಳಗಿಳಿದರೆ ಎಚ್ಚರ, 50%ಗಿಂತ ಕೆಳಗೆ ಬಂದರೆ ಆಸ್ಪತ್ರೆ. ಒತ್ತುವ ಇನ್ಹೇಲರಾದರೆ ಸ್ಪೇಸರ್ (ಇನ್ಹೇಲರ್ ಬಾಯಿಗೆ ಸಿಕ್ಕಿಸುವ ಕೊಳವೆ) ಹಾಕಿ ನಿಧಾನಕ್ಕೆ ಎಳೆದು ಹತ್ತು ಎಣಿಸುವವರೆಗೆ ಉಸಿರು ಹಿಡಿಯಿರಿ. ರಭಸದಿಂದ ಎಳೆಯಬೇಕಾದದ್ದು ಪುಡಿಯ ಇನ್ಹೇಲರನ್ನು ಮಾತ್ರ.

ಇಷ್ಟಾದರೂ ಕ್ಯಾಪ್ಸೂಲ್ ಬೇಕೆಂದರೆ ಡಬ್ಬಿಯ ಮೇಲಿನ ಚೀಟಿ ಓದಿ. ದಿನಕ್ಕೆ ಜಿಂಕ್ 40 ಮಿ.ಗ್ರಾಂ ಮೀರಿ ಬಹಳ ಕಾಲ ತಗೊಂಡರೆ ತಾಮ್ರ ಕೊರತೆಯಾಗುತ್ತದೆ. ಸೆಲೆನಿಯಂ 400 ಮೈಕ್ರೋಗ್ರಾಂ ಮೀರುತ್ತಾ ಹೋದರೆ ಕೂದಲು ಉದುರುತ್ತದೆ, ಉಗುರು ಮುರಿಯುತ್ತದೆ. ಸಿಗರೇಟು ಸೇದುವವರು ಬೀಟಾ-ಕ್ಯಾರೊಟಿನ್ ಮಾತ್ರೆ ಮುಟ್ಟಲೇಬಾರದು: ಫಿನ್ಲೆಂಡಿನಲ್ಲಿ ದಿನಕ್ಕೆ 20 ಮಿ.ಗ್ರಾಂ ತೆಗೆದುಕೊಂಡ ಧೂಮಪಾನಿಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾಗಿದ್ದು 1994ರಲ್ಲೇ ಗೊತ್ತಾಗಿದೆ. ಕಫ ಹಳದಿಯಾಗಿ ಡಾಕ್ಟರು ಡಾಕ್ಸಿಸೈಕ್ಲಿನ್ ಅಥವಾ ಲೆವೊಫ್ಲಾಕ್ಸಸಿನ್ ಬರೆದುಕೊಟ್ಟರೆ ಅಷ್ಟು ದಿನ ಜಿಂಕ್, ಮೆಗ್ನೀಷಿಯಂ ನಿಲ್ಲಿಸಿಬಿಡಿ. ಜೊತೆಗೆ ನುಂಗಿದರೆ ಹೊಟ್ಟೆಯಲ್ಲೇ ಒಂದಕ್ಕೊಂದು ಅಂಟಿಕೊಂಡು ಆಂಟಿಬಯೋಟಿಕ್ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ.