‘ಪಾಪ’ ಅಂತ ಕೊಟ್ಟ ಟಪಾಲು ಮೇಜು

“ಫ್ಯಾನ್ ಆರಿಸಬಹುದಾ ಮೇಡಂ?”

ಉದ್ಯೋಗದ ಬಗ್ಗೆ ಸಲಹೆ ಕೇಳಲು ನನ್ನ ಹತ್ತಿರ ಬಂದು ಕೂತವರು ಮೊದಲು ಕೇಳಿದ್ದು ಇದನ್ನೇ. ಏಪ್ರಿಲ್ ತಿಂಗಳು, ದಾವಣಗೆರೆ ಬಿಸಿಲು. ಯಾಕೆ ಅಂತ ನನಗೆ ತಕ್ಷಣ ಹೊಳೆಯಲಿಲ್ಲ. ಆಮೇಲೆ ಕಿವಿಯ ಹಿಂದೆ ಪುಟ್ಟ ಮಿಷನ್ನು ಕಂಡಿತು. ಅದು ಎದುರಿಗೆ ಕೂತವರ ಮಾತನ್ನಷ್ಟೇ ದೊಡ್ಡದು ಮಾಡುವುದಿಲ್ಲ, ಫ್ಯಾನಿನ ಗರಗರವನ್ನೂ ದೊಡ್ಡದು ಮಾಡುತ್ತದೆ. ಆರಿಸಿದೆ. ಇಬ್ಬರೂ ಬೆವರು ಒರೆಸಿಕೊಳ್ಳುತ್ತಲೇ ಮಾತಾಡಿದೆವು.

ಅವರನ್ನು ಸವಿತಾ ಅಂತ ಕರೆಯೋಣ. ಹೆಸರು, ಇಲಾಖೆ, ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ. ವಯಸ್ಸು 28. ಮನೆ ದಾವಣಗೆರೆಯಲ್ಲೇ. ಅಪ್ಪ ಹತ್ತಿ ಗಿರಣಿಯಲ್ಲಿ ಇದ್ದವರು, ಅದು ಮುಚ್ಚಿದ ಮೇಲೆ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಸವಿತಾ ಮಾನವ ಸಂಪನ್ಮೂಲ ವಿಷಯ ತಗೊಂಡು ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮಾಡಿದ್ದಾರೆ. ದೂರಶಿಕ್ಷಣ ಅಲ್ಲ, ಎರಡು ವರ್ಷ ಕಾಲೇಜಿಗೆ ಹೋಗಿಯೇ ಓದಿದ್ದು. ಈ ಮಾತು ಮುಂದೆ ಬೇಕಾಗುತ್ತದೆ. ಕೆಪಿಎಸ್‌ಸಿ ಪರೀಕ್ಷೆ ಬರೆದು ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕಿ) ಆಗಿ ಚಿತ್ರದುರ್ಗದ ಒಂದು ಸರ್ಕಾರಿ ಕಚೇರಿ ಸೇರಿ ಒಂದೂ ಮುಕ್ಕಾಲು ವರ್ಷ ಆಗಿತ್ತು. ದಿನಾ ಬಸ್ಸಿನಲ್ಲೇ ಓಡಾಟ. ಭರಮಸಾಗರ ಬರುವವರೆಗೂ ನಿದ್ದೆ.

ಸೇರಿದ ದಿನದಿಂದ ಅವರಿಗೆ ಕೊಟ್ಟಿದ್ದು ಟಪಾಲು ಕೆಲಸ. ಬಂದ ಪತ್ರಕ್ಕೆ ಸೀಲು, ನಂಬರು. ಹೋಗುವ ಪತ್ರಕ್ಕೆ ಇನ್ನೊಂದು ನಂಬರು. ಅವರ ಜೊತೆಗೇ ಸೇರಿದ ಇಬ್ಬರು ಹುಡುಗರು ಅಷ್ಟರಲ್ಲಿ ಕಡತ ಮಂಡಿಸುವುದು, ಸಂಬಳದ ಬಿಲ್ಲು, ಸಿಬ್ಬಂದಿ ವಿವರದ ಎಚ್‌ಆರ್‌ಎಂಎಸ್ ತಂತ್ರಾಂಶ ಎಲ್ಲ ಕಲಿತಿದ್ದರು. ಇವರು ಕೇಳಿದಾಗೆಲ್ಲ ಸೂಪರಿಂಟೆಂಡೆಂಟರದ್ದು ಒಂದೇ ಉತ್ತರ: “ಪಾಪ, ಕಿವಿ ಕೇಳ್ಸಲ್ಲ. ಆರಾಮಾಗಿ ಇರ್ಲಿ ಅಂತ ಕೊಟ್ಟೀವಮ್ಮ.”

ಯಾರೂ ಬೈದಿಲ್ಲ, ಹೀಯಾಳಿಸಿಲ್ಲ. ಟೀ ಬಂದರೆ ಮೊದಲ ಲೋಟ ಇವರಿಗೇ. ಹೀಗಿದ್ದಾಗ ಏನಂತ ದೂರು ಕೊಡೋದು, ಅಲ್ವಾ? ನನ್ನ ಹತ್ತಿರ ಬರುವ ಕೆಲಸದ ಜಾಗದ ಸಮಸ್ಯೆಗಳಲ್ಲಿ ಬಿಡಿಸಲು ತುಂಬಾ ಕಷ್ಟವಾಗುವುದು ಇಂಥವೇ. ಬೈಗುಳಕ್ಕೆ ಸಾಕ್ಷಿ ಸಿಗುತ್ತದೆ, ಕನಿಕರಕ್ಕೆ ಸಿಗಲ್ಲ.

ಸವಿತಾ ಬಂದಿದ್ದು ದೂರು ಹೇಳಲು ಅಲ್ಲ. ಬೆಂಗಳೂರಿನ ಒಂದು ಖಾಸಗಿ ಕಂಪನಿಯಿಂದ ಆಫರ್ ಬಂದಿತ್ತು. ಸಿಬ್ಬಂದಿಯಲ್ಲಿ ವೈವಿಧ್ಯ ತರುವ ತಂಡದಲ್ಲಿ ಕೆಲಸ, 11 ತಿಂಗಳ ಗುತ್ತಿಗೆ. ಸಂಬಳ ಈಗಿನದಕ್ಕಿಂತ ಜಾಸ್ತಿ. ಉತ್ತರ ಕೊಡಲು ಹತ್ತು ದಿನ ಇತ್ತು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ನೋಟ್ಸ್ ಬರೆದುಕೊಳ್ಳುತ್ತಾ, ತಲೆ ತಗ್ಗಿಸಿಕೊಂಡೇ, “ಸರ್ಕಾರಿ ಕೆಲಸ ಅಷ್ಟು ಸುಲಭಕ್ಕೆ ಬಿಡಬಾರದು” ಅಂದುಬಿಟ್ಟೆ. ಅವರು ಸ್ವಲ್ಪ ಮುಂದಕ್ಕೆ ಬಾಗಿ, “ಮೇಡಂ, ತಲೆ ಎತ್ತಿ ಹೇಳಿ. ಬಾಯಿ ಕಾಣದಿದ್ರೆ ಅರ್ಧ ಮಾತು ಸಿಗಲ್ಲ” ಅಂದರು. ನಾಚಿಕೆ ಆಯಿತು. ಆದರೆ ಒಳ್ಳೆಯದೇ ಆಯಿತು. ಅವರ ಸೋದರಮಾವ ಹೇಳಬಹುದಾದ ಮಾತದು, ಅದಕ್ಕೆ ನನ್ನ ತನಕ ಬರಬೇಕಿರಲಿಲ್ಲ.

ಪೆನ್ನು ಕೆಳಗಿಟ್ಟು ಬೇರೆ ಥರ ಕೇಳಿದೆ. ಆ ಕೆಲಸದಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ನೀವು ಏನು ಮಾಡುತ್ತೀರಿ? ಅವರು ಮೊಬೈಲಿನಲ್ಲಿ ಪತ್ರ ತೆಗೆದು ಸಾಲು ಸಾಲಾಗಿ ಓದಿದರು. ಜಾಗೃತಿ ಕಾರ್ಯಕ್ರಮ ಏರ್ಪಡಿಸುವುದು. ತಮ್ಮ ಅನುಭವ ಹಂಚಿಕೊಳ್ಳುವುದು. ಕಂಪನಿಯ ಪ್ರಚಾರದ ಚಿತ್ರಗಳಲ್ಲಿ ಕಾಣಿಸಿಕೊಳ್ಳುವುದು. ನೇಮಕಾತಿ, ಬಡ್ತಿ, ಸಂಬಳ ಅನ್ನುವ ಪದ ಎಲ್ಲೂ ಇಲ್ಲ. ಓದಿ ಮುಗಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೇ ಹೇಳಿದರು: “ಇಲ್ಲಿ ಕಿವಿ ಕೇಳಲ್ಲ ಅಂತ ಕೆಲಸ ಕೊಡಲ್ಲ. ಅಲ್ಲಿ ಕಿವಿ ಕೇಳಲ್ಲ ಅಂತಾನೇ ಕೆಲಸ ಕೊಡ್ತಾ ಇದಾರೆ.”

ಎಲ್ಲ ಕಂಪನಿಯೂ ಹೀಗೇ ಅಂತ ನಾನು ಹೇಳುತ್ತಿಲ್ಲ. ಈ ಕೆಲಸವನ್ನು ಮನಸ್ಸಿಟ್ಟು ಮಾಡುವವರೂ ಇದ್ದಾರೆ. ಈ ಪತ್ರ ಮಾತ್ರ ಅಂಥದ್ದಲ್ಲ.

ನಂತರ ಕೇಳಿದೆ, ನಿಮ್ಮ ಕಚೇರಿಯಲ್ಲಿ ರೋಸ್ಟರ್ ವಹಿ, ಅಂದರೆ ಯಾವ ಹುದ್ದೆ ಯಾವ ಮೀಸಲಿಗೆ ಅಂತ ಬರೆದಿಡುವ ಪುಸ್ತಕ, ಯಾರ ಹತ್ತಿರ ಇದೆ? ಸಿಬ್ಬಂದಿ ಶಾಖೆಯ ಬೀರುವಿನಲ್ಲಿ, ತಾನು ಒಮ್ಮೆಯೂ ತೆರೆದು ನೋಡಿಲ್ಲ ಅಂದರು. ಅಲ್ಲಿಂದ ನಮ್ಮ ಮಾತು ದಾರಿಗೆ ಬಂತು.

ವೈವಿಧ್ಯ ಅಂದಾಗ ನಮಗೆ ಪೋಸ್ಟರು, ಭಾಷಣ ನೆನಪಾಗುತ್ತದೆ. ಸರ್ಕಾರದಲ್ಲಿ ಅದು ಗೆರೆ ಹೊಡೆದ ಒಂದು ವಹಿಯಲ್ಲಿ ಇರುತ್ತದೆ. ರಾಜ್ಯದ ನೇರ ನೇಮಕಾತಿಯಲ್ಲಿ ಮಹಿಳೆಯರಿಗೆ ಶೇ. 33. ಗ್ರಾಮೀಣ, ಕನ್ನಡ ಮಾಧ್ಯಮ ಅಭ್ಯರ್ಥಿಗಳ ಪಾಲು ಬೇರೆ. 2021ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಪ್ರತಿ ಪ್ರವರ್ಗದಲ್ಲೂ ಶೇ. 1 ಕೊಟ್ಟಿದ್ದು ದೇಶದಲ್ಲಿ ಕರ್ನಾಟಕವೇ ಮೊದಲು. ಅರ್ಜಿಯಲ್ಲಿ ಗಂಡು, ಹೆಣ್ಣು ಜೊತೆಗೆ ‘ಇತರೆ’ ಅನ್ನುವ ಕಾಲಂ ಬಂದಿದ್ದೂ ಆಗಲೇ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆ ಗುರುತಿಸಿದೆ, ಸರ್ಕಾರಿ ಹುದ್ದೆಗಳಲ್ಲಿ ಶೇ. 4ಕ್ಕೆ ಕಮ್ಮಿ ಇಲ್ಲದಂತೆ ಮೀಸಲು ಇಡಬೇಕು ಅನ್ನುತ್ತದೆ. ಇದೆಲ್ಲ ಕೊನೆಗೆ ಬಂದು ನಿಲ್ಲುವುದು ಒಬ್ಬ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಅಥವಾ ಎಸ್‌ಡಿಎ ಮೇಜಿನ ಮೇಲೆ. ಆ ಮೇಜಿನವರು ವಹಿಯಲ್ಲಿ ಒಂದು ಖಾಲಿ ಬಿಂದು, ಅಂದರೆ ತುಂಬದೆ ಉಳಿದ ಮೀಸಲು ಜಾಗ, ತೋರಿಸದೆ ಬಿಟ್ಟರೆ, ಎಲ್ಲೋ ಒಬ್ಬರಿಗೆ ಕೆಲಸ ತಪ್ಪುತ್ತದೆ. ತಪ್ಪಿದ್ದು ಅವರಿಗೆ ಗೊತ್ತೂ ಆಗಲ್ಲ.

ಹೆರಿಗೆ ರಜೆಯ 180 ದಿನ ಸೇವಾ ಪುಸ್ತಕದಲ್ಲಿ ಸರಿಯಾಗಿ ಏರುವುದು, ಜ್ಯೇಷ್ಠತಾ ಪಟ್ಟಿ, ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಆಂತರಿಕ ಸಮಿತಿ ರಚಿಸುವುದು, ಎಲ್ಲ ಅದೇ ಶಾಖೆಯ ಕೆಲಸ. ಸಮಿತಿ ಅಂದ ಕೂಡಲೇ ಸವಿತಾ ನಕ್ಕರು. “ನಮ್ಮ ಬೋರ್ಡಿನಲ್ಲಿ ಇರೋ ಅಧ್ಯಕ್ಷೆ ಟ್ರಾನ್ಸ್‌ಫರ್ ಆಗಿ ಒಂದು ವರ್ಷ ಆಯ್ತು ಮೇಡಂ.” ಟಪಾಲು ಮೇಜಿನಲ್ಲಿ ಕೂತೇ ಇಷ್ಟು ನೋಡಿದ್ದಾರಲ್ಲ ಅಂತ ನನಗೆ ಅನಿಸಿತು.

ನಾನು ಕೊಟ್ಟ ಸಲಹೆ ಇಷ್ಟು. ಎರಡು ವರ್ಷದ ಪ್ರೊಬೇಷನ್ ಮುಗಿಯಲು ಮೂರು ತಿಂಗಳಿದೆ. ಖಾಸಗಿ ಕೆಲಸಕ್ಕೆ ಅಂತ ರಾಜೀನಾಮೆ ಕೊಟ್ಟರೆ ಇಲ್ಲಿಯ ಸೇವೆ ಅಲ್ಲಿಗೇ ಮುಗಿಯಿತು. ಬೇಸರದಲ್ಲಿ ಕೊಡಬೇಡಿ. ಪ್ರೊಬೇಷನ್ ಮುಗಿದ ಆದೇಶ ಕೈಗೆ ಬಂದ ಮೇಲೂ ಹೋಗಬೇಕು ಅನಿಸಿದರೆ ಹೋಗಿ, ನಾನು ತಡೆಯಲ್ಲ. ಅಷ್ಟರಲ್ಲಿ ಒಂದು ಅರ್ಜಿ ಬರೆಯಿರಿ. ದೂರು ಅಲ್ಲ, ಕೋರಿಕೆ. ಅಲ್ಲೇ ಕೂತು ಬರೆದೆವು. ಮೊದಲ ಕರಡು ಎರಡು ಪುಟ, ತುಂಬಾ ನೋವು. ಮೂರನೆಯದು ಹೀಗಿತ್ತು:

“ನನ್ನ ವಿದ್ಯಾರ್ಹತೆಗೆ ಹೊಂದುವ ಸಿಬ್ಬಂದಿ ಶಾಖೆಯ ಕೆಲಸ ನೀಡಲು ಕೋರುತ್ತೇನೆ. ದೂರವಾಣಿ ಕರೆಗಳನ್ನು ಮಾತ್ರ ಬೇರೆಯವರು ತೆಗೆದುಕೊಂಡು ಚೀಟಿಯಲ್ಲಿ ಬರೆದು ಕೊಟ್ಟರೆ ಸಾಕು. ಸಭೆಯ ಸೂಚನೆಗಳು ಲಿಖಿತವಾಗಿ ಬೇಕು. ಮೇಜು ಬಾಗಿಲಿಗೆ ಮುಖ ಮಾಡಿರಲಿ.”

ಕೆಳಗೆ ವಿಕಲಚೇತನರ ಹಕ್ಕುಗಳ ಕಾಯ್ದೆಯ 20ನೇ ಕಲಮು. ಕೆಲಸ ಮಾಡಲು ಬೇಕಾದ ಸೂಕ್ತ ಅನುಕೂಲ ಮಾಡಿಕೊಡುವುದು ಸರ್ಕಾರಿ ಕಚೇರಿಯ ಹೊಣೆ ಅನ್ನುವುದು ಅದೇ. ಆಗಲಿಲ್ಲ ಅಂದರೆ 23ನೇ ಕಲಮಿನಂತೆ ಕುಂದುಕೊರತೆ ಅಧಿಕಾರಿಗೆ ದೂರು ಕೊಡಬಹುದು, ಅವರು ಎರಡು ವಾರದಲ್ಲಿ ವಿಚಾರಣೆ ಮಾಡಬೇಕು. ಅಲ್ಲೂ ಸಮಾಧಾನ ಆಗದಿದ್ದರೆ ಜಿಲ್ಲಾ ಸಮಿತಿ ಇದೆ. ಆದರೆ ಆ ಬಾಗಿಲು ಈಗಲೇ ತಟ್ಟುವುದು ಬೇಡ ಅಂದೆ. ಸೂಪರಿಂಟೆಂಡೆಂಟರು ಕೆಟ್ಟವರಲ್ಲ. ಏನು ಮಾಡಬೇಕು ಅಂತ ಅವರಿಗೆ ಯಾರೂ ಹೇಳಿಲ್ಲ, ಅಷ್ಟೇ. ಸ್ವೀಕೃತಿ ಸೀಲು ಮರೆಯದೆ ಹಾಕಿಸಿಕೊಳ್ಳಿ ಅಂತಲೂ ಹೇಳಿದೆ. ಆಮೇಲೆ ಇಬ್ಬರಿಗೂ ಒಟ್ಟಿಗೆ ಹೊಳೆಯಿತು, ಸೀಲು ಹೊಡೆದು ನಂಬರು ಹಾಕಬೇಕಾದವರು ಅವರೇ! ಆವತ್ತು ಅವರು ಮನಸಾರೆ ನಕ್ಕಿದ್ದು ಆಗಲೇ.

ಮುಂದಿನ ದಾರಿ ಬಗ್ಗೆಯೂ ಸ್ವಲ್ಪ ಮಾತಾಡಿದೆವು. ಇಲಾಖಾ ಪರೀಕ್ಷೆಗಳನ್ನು ಈಗಲೇ ಕಟ್ಟುವುದು, ಬಡ್ತಿಗೆ ಬೇಕಾಗುತ್ತವೆ. ಬ್ಯಾಂಕ್ ನೇಮಕಾತಿ ಸಂಸ್ಥೆ ಐಬಿಪಿಎಸ್ ನಡೆಸುವ ಸ್ಪೆಷಲಿಸ್ಟ್ ಆಫೀಸರ್ ಪರೀಕ್ಷೆಯಲ್ಲಿ ಎಚ್‌ಆರ್ (ಮಾನವ ಸಂಪನ್ಮೂಲ) ಹುದ್ದೆ ಇದೆ. ಅದಕ್ಕೆ ಎರಡು ವರ್ಷದ ಪೂರ್ಣಾವಧಿ ಸ್ನಾತಕೋತ್ತರ ಓದು ಬೇಕು, ಸಮಾಜಕಾರ್ಯವೂ ನಡೆಯುತ್ತದೆ. ದೂರಶಿಕ್ಷಣದ ಎಂಬಿಎ ಹಿಡಿದು ಬಂದವರು ಇದೇ ಜಾಗದಲ್ಲಿ ಎಡವುತ್ತಾರೆ. ಸವಿತಾಗೆ ಆ ತೊಂದರೆ ಇಲ್ಲ. ವಯಸ್ಸಿನ ಮಿತಿ 30, ವಿಕಲಚೇತನರಿಗೆ 10 ವರ್ಷ ಸಡಿಲಿಕೆ. ಬೇರೆ ಸರ್ಕಾರಿ ಹುದ್ದೆಗೆ ಹಾಕುವಾಗ ಕಚೇರಿಯಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಗೊಂಡೇ ಹಾಕಿ, ಕದ್ದುಮುಚ್ಚಿ ಬೇಡ ಅಂದೆ.

ಎರಡನೇ ಸಲ ಅಪ್ಪನೂ ಬಂದಿದ್ದರು. “ಸರ್ಕಾರದ ಕೆಲಸ ದೇವರ ಕೆಲಸ ಅಂತಾರೆ, ಇವಳಿಗೇನು ಕಮ್ಮಿ ಆಗಿದೆ ನೀವೇ ಹೇಳ್ರಿ” ಅಂದರು. ನಾನು ಏನೂ ಹೇಳಲಿಲ್ಲ. ಸವಿತಾನೇ ಹೇಳಿದರು: “ಅಪ್ಪಾಜಿ, ಗಿರಣಿಯಲ್ಲಿ ನಿಮಗೆ ಸಂಬಳ ಕೊಟ್ಟು, ಮಗ್ಗ ಮುಟ್ಟಬೇಡ ಅಂದಿದ್ರೆ ಸುಮ್ನೆ ಇರ್ತಿದ್ರಾ?” ಅವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. ಮತ್ತೆ ಮಾತಾಡಲಿಲ್ಲ.

ಅರ್ಜಿಗೆ ಐದು ವಾರ ಉತ್ತರ ಬರಲಿಲ್ಲ. ನೆನಪೋಲೆ ಕೊಟ್ಟ ಮೇಲೆ ಕದಲಿತು. ಬೆಂಗಳೂರಿನ ಆಫರ್ ಅಷ್ಟರಲ್ಲಿ ಕೈ ಬಿಟ್ಟಿತ್ತು. ಅದಕ್ಕೆ ಒಂದೆರಡು ರಾತ್ರಿ ಅತ್ತಿದ್ದೂ ಉಂಟು ಅಂತ ಆಮೇಲೆ ಹೇಳಿದರು. ಬ್ಯಾಂಕ್ ಪರೀಕ್ಷೆ ಮೊದಲ ಸಲ ಆಗಲಿಲ್ಲ. ಈಗ ಸಿಬ್ಬಂದಿ ಶಾಖೆಯಲ್ಲಿ ಇದ್ದಾರೆ. ಪಕ್ಕದ ಮೇಜಿನ ಎಫ್‌ಡಿಎ ಅಕ್ಕ ಫೋನ್ ತೆಗೆದು ಚೀಟಿ ಬರೆದು ಕೊಡುತ್ತಾರೆ, ಇವರು ಆಕೆಯ ಸೇವಾ ಪುಸ್ತಕಗಳ ಬಾಕಿ ತುಂಬಿಕೊಡುತ್ತಾರೆ. ಸೂಪರಿಂಟೆಂಡೆಂಟರು ‘ಪಾಪ’ ಅನ್ನುವುದನ್ನು ಇನ್ನೂ ಬಿಟ್ಟಿಲ್ಲವಂತೆ.

ಬೋರ್ಡಿನ ವಿಷಯ ಏನಾಯಿತು ಅಂತ ಕಳೆದ ಸಲ ಕೇಳಿದೆ. “ಹಳೇ ಹೆಸರೇ ಇದೆ ಮೇಡಂ. ಹೊಸ ಸಮಿತಿಯ ಕಡತ ನಾನೇ ಮಂಡಿಸಿದೀನಿ, ಸಹಿಗೆ ಹೋಗಿದೆ” ಅಂದರು.