ಅಪಘಾತ ಪರಿಹಾರಕ್ಕೆ ಮಿತಿ ಹಾಕಿದರೆ ಗಾಡಿ ಇನ್ಶೂರೆನ್ಸ್ ಅಗ್ಗವಾಗುತ್ತದೆಯೇ?

ಕಾರಿನ ಇನ್ಶೂರೆನ್ಸ್ ರಿನ್ಯೂ ಮಾಡಿಸಲು ಹೋದರೆ 17 ಸಾವಿರ ಹೇಳಿದರು ಎಂದು ಬರೆದಿದ್ದೀರಿ. ಆಕ್ಸಿಡೆಂಟ್ ಕೇಸ್ ಹಾಕಿ ಮೂವತ್ತು ನಲವತ್ತು ಲಕ್ಷ ಪಡೆಯುವವರಿಂದಲೇ ಹೀಗಾಗುತ್ತಿದೆ, ಪರಿಹಾರಕ್ಕೆ ಒಂದು ಮಿತಿ ಯಾಕೆ ಹಾಕಬಾರದು ಎಂದು ಕೇಳಿದ್ದೀರಿ. ನಾನು ರಾಷ್ಟ್ರೀಯ ಹೆದ್ದಾರಿ 48ರ ಪಕ್ಕದ ಒಂದು ಊರಿನಲ್ಲಿ ಹದಿನಾರು ವರ್ಷದಿಂದ ಎಂವಿಸಿ ಕೇಸುಗಳನ್ನು, ಅಂದರೆ ರಸ್ತೆ ಅಪಘಾತದ ಪರಿಹಾರದ ಕೇಸುಗಳನ್ನು, ನಡೆಸುತ್ತಿದ್ದೇನೆ. ಹೆಚ್ಚಾಗಿ ಗಾಯಗೊಂಡವರ ಪರ, ಸತ್ತವರ ಮನೆಯವರ ಪರ. ಇದು ನಿಮಗೆ ಮೊದಲೇ ಗೊತ್ತಿರಲಿ.

ಮೊದಲು ನಿಮ್ಮ ಬಿಲ್ಲನ್ನೇ ಬಿಡಿಸಿ ನೋಡೋಣ. ಆಕ್ಸಿಡೆಂಟ್ ಕೇಸಿನ ಪರಿಹಾರ ಹೋಗುವುದು ಥರ್ಡ್ ಪಾರ್ಟಿ ಪ್ರೀಮಿಯಂನಿಂದ, ಅಂದರೆ ನಿಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆಂದು ಕಟ್ಟುವ ಕಂತಿನಿಂದ. ಅದರ ದರವನ್ನು ಕಂಪನಿಗಳು ತಮಗೆ ಬೇಕಾದಂತೆ ಹಾಕುವ ಹಾಗಿಲ್ಲ, ಸರ್ಕಾರ ನಿಗದಿ ಮಾಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ, ನಿಮ್ಮದರಂತೆ 1000ದಿಂದ 1500 ಸಿಸಿ ನಡುವಿನ ಕಾರಿಗೆ ವರ್ಷಕ್ಕೆ 3,416 ರೂಪಾಯಿ. 75ರಿಂದ 150 ಸಿಸಿಯ ಬೈಕಿಗೆ 714. ಇದರ ಮೇಲೆ ಜಿಎಸ್‌ಟಿ. ಅಂದರೆ 17 ಸಾವಿರದಲ್ಲಿ ಮುಕ್ಕಾಲು ಪಾಲು ಹೋಗುತ್ತಿರುವುದು ನಿಮ್ಮದೇ ಕಾರಿನ ಬಂಪರ್, ಬಾಗಿಲು, ಗಾಜಿನ ರಿಪೇರಿಗೆ, ಬಿಡಿಭಾಗ ಹಳೆಯದೆಂದು ದುಡ್ಡು ಕಡಿತ ಮಾಡದ ಝೀರೋ ಡೆಪ್‌ನಂಥ ಹೆಚ್ಚುವರಿ ರಕ್ಷಣೆಯ ಆಡ್-ಆನ್‌ಗಳಿಗೆ. ಕೋರ್ಟಿಗೆ ಹೋದ ವಿಧವೆಗೂ ಆ ದುಡ್ಡಿಗೂ ಸಂಬಂಧವೇ ಇಲ್ಲ.

ಆದರೂ ಪರಿಹಾರ ಜಾಸ್ತಿಯಾದರೆ ಥರ್ಡ್ ಪಾರ್ಟಿ ದರ ಏರುವುದು ನಿಜ. ಹಾಗಾಗಿ ನಿಮ್ಮ ಪ್ರಶ್ನೆಯನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ. ಮೂವತ್ತು ಲಕ್ಷ ಎಲ್ಲಿಂದ ಬರುತ್ತದೆ ಎಂದು ಲೆಕ್ಕ ಹಾಕಿಯೇ ತೋರಿಸುತ್ತೇನೆ. 35 ವರ್ಷದ ಗಾರೆ ಕೆಲಸದವನು, ತಿಂಗಳಿಗೆ 15 ಸಾವಿರ ದುಡಿಮೆ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ. ಲಾರಿ ಗುದ್ದಿ ಸತ್ತ ಎಂದುಕೊಳ್ಳಿ. ಬದುಕಿದ್ದರೆ ಮುಂದೆ ದುಡಿಮೆ ಹೆಚ್ಚುತ್ತಿತ್ತು ಅಲ್ವಾ? ಅದಕ್ಕೆ ಶೇ 40 ಸೇರಿಸಬೇಕು ಎಂದು ಸುಪ್ರೀಂ ಕೋರ್ಟ್ 2017ರ ಪ್ರಣಯ್ ಸೇಥಿ ತೀರ್ಪಿನಲ್ಲಿ ಹೇಳಿದೆ. ಅಲ್ಲಿಗೆ 21 ಸಾವಿರ. ಅವನ ಸ್ವಂತ ಖರ್ಚೆಂದು ಕಾಲು ಭಾಗ ಕಳೆಯಿರಿ, 15,750 ಉಳಿಯಿತು. ವರ್ಷಕ್ಕೆ 1,89,000. ಆ ವಯಸ್ಸಿಗೆ ಗುಣಕ, ಅಂದರೆ ವರ್ಷದ ಮೊತ್ತವನ್ನು ಎಷ್ಟರಿಂದ ಗುಣಿಸಬೇಕು ಎಂಬ ಸಂಖ್ಯೆ, 16. ಇದು 2009ರ ಸರಳಾ ವರ್ಮಾ ತೀರ್ಪಿನ ಕೋಷ್ಟಕದಲ್ಲಿದೆ. ಒಟ್ಟು 30,24,000. ಅಂತ್ಯಕ್ರಿಯೆಯ ಖರ್ಚು, ಗಂಡನನ್ನು, ತಂದೆಯನ್ನು ಕಳೆದುಕೊಂಡದ್ದಕ್ಕೆ ಎಂದು ಕೊಡುವುದು ಬೇರೆ, ಅದು ಚಿಕ್ಕ ಮೊತ್ತ. ಇದರಲ್ಲಿ ಲಾಟರಿ ಎಲ್ಲಿದೆ ಹೇಳಿ. ಆ ಮನೆಗೆ ತಿಂಗಳು ತಿಂಗಳು ಬರಬೇಕಾಗಿದ್ದ ಸಂಬಳವನ್ನೇ ಕೂಡಿಸಿ ಕೊಟ್ಟಿದ್ದು. ಮಕ್ಕಳ ಪಾಲನ್ನು ಸಾಮಾನ್ಯವಾಗಿ ಹದಿನೆಂಟು ತುಂಬುವವರೆಗೆ ಬ್ಯಾಂಕಿನಲ್ಲಿ ಎಫ್‌ಡಿ ಇಡಿಸುತ್ತಾರೆ, ತಾಯಿಯ ಕೈಗೂ ಸಿಗುವುದಿಲ್ಲ.

ನೀವು ಕೇಳಿದ ಮಿತಿ ಹೊಸ ಯೋಚನೆಯೇನಲ್ಲ. 2016ರಲ್ಲಿ ಮಂಡಿಸಿದ ಮೋಟಾರು ವಾಹನ ತಿದ್ದುಪಡಿ ಮಸೂದೆಯಲ್ಲಿ ಇನ್ಶೂರೆನ್ಸ್ ಕಂಪನಿಯ ಹೊಣೆಯನ್ನು ಸಾವಿಗೆ 10 ಲಕ್ಷ, ತೀವ್ರ ಗಾಯಕ್ಕೆ 5 ಲಕ್ಷಕ್ಕೆ ನಿಲ್ಲಿಸುವ ಪ್ರಸ್ತಾಪವಿತ್ತು. 2019ರಲ್ಲಿ ಕಾಯ್ದೆಯಾಗುವ ಹೊತ್ತಿಗೆ ಅದನ್ನು ಕೈಬಿಟ್ಟಿದ್ದರು. ನನ್ನ ಪ್ರಕಾರ ಅದು ಬಹಳ ಒಳ್ಳೆಯದಾಯಿತು, ನಿಮಗೂ ಒಳ್ಳೆಯದಾಯಿತು. ಯಾಕೆಂದರೆ ಅಲ್ಲಿ ಮಿತಿ ಇದ್ದದ್ದು ಕಂಪನಿ ಕೊಡುವುದಕ್ಕೆ. ಮೇಲಿನ ಲೆಕ್ಕದಲ್ಲಿ 30 ಲಕ್ಷ ಆದೇಶವಾಗಿ ಕಂಪನಿ 10 ಲಕ್ಷ ಕೊಟ್ಟರೆ, ಉಳಿದ 20 ಲಕ್ಷ ಗಾಡಿಯ ಮಾಲೀಕನ ತಲೆಗೆ. ಮನೆ, ಸೈಟು ಜಪ್ತಿಗೆ ಬರುತ್ತದೆ. ವರ್ಷಕ್ಕೆ ಕೆಲವು ನೂರು ರೂಪಾಯಿ ಉಳಿಸಲು ಆ ಅಪಾಯ ಯಾರಿಗೆ ಬೇಕು? ಮಾಲೀಕನೂ ಬಡವನಾದರೆ ಸತ್ತವನ ಮನೆಗೆ ಸಿಗುವುದು ಆ ಹತ್ತು ಲಕ್ಷ ಮಾತ್ರ. ತಿಂಗಳ 15,750ರಂತೆ ಐದು ವರ್ಷ ಚಿಲ್ಲರೆ. ಬೇರೆಯವರ ಕಾಂಪೌಂಡು, ಕಾರು ಹಾಳಾದರೆ ಕೊಡುವುದಕ್ಕೆ ಕಾರಿನ ಪಾಲಿಸಿಯಲ್ಲಿ ಈಗಲೂ 7.5 ಲಕ್ಷದ ಮಿತಿ ಇದೆ. ಅದು ಸರಿ. ಗೋಡೆಯನ್ನು ಮತ್ತೆ ಕಟ್ಟಬಹುದು.

ಆದರೆ 2019ರ ತಿದ್ದುಪಡಿ ಇನ್ನೊಂದು ಬಾಗಿಲನ್ನು ಮುಚ್ಚಿತು. ಅಪಘಾತವಾದ ಆರು ತಿಂಗಳೊಳಗೆ ಕ್ಲೇಮ್ ಅರ್ಜಿ ಹಾಕಲೇಬೇಕು. 1988ರ ಕಾಯ್ದೆಯಲ್ಲೂ ಇಂಥದ್ದೇ ಗಡುವಿತ್ತು, ಜನರಿಗೆ ಅನ್ಯಾಯವಾಗುತ್ತದೆಂದು 1994ರಲ್ಲಿ ತೆಗೆದಿದ್ದರು. 2022ರ ಏಪ್ರಿಲ್ 1ರಿಂದ ಅದು ಮತ್ತೆ ಬಂತು. ನನ್ನ ಹತ್ತಿರ ಒಬ್ಬ ಹೆಣ್ಣುಮಗಳು ಗಂಡ ಸತ್ತು ಎಂಟು ತಿಂಗಳಿಗೆ ಬಂದರು. ತಿಥಿ ಮುಗಿಯಿತು, ಗಂಡ ಮಾಡಿದ್ದ ಸಂಘದ ಸಾಲ ತೀರಿಸಲು ಕೂಲಿಗೆ ಹೋದರು, ಠಾಣೆಗೆ ಹೋಗಿ ಚಾರ್ಜ್‌ಶೀಟ್ ಕೇಳಬೇಕು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಅರ್ಜಿ ಗಡುವು ಮೀರಿದೆ ಎಂದು ವಜಾ ಆಯಿತು. ಆ ದಿನ ಕೋರ್ಟ್ ಹೊರಗೆ ಬೇವಿನ ಮರದ ಕೆಳಗೆ ಅವರು ಕೇಳಿದ್ದು ಒಂದೇ: "ಆರು ತಿಂಗಳು ಅಂತ ನಂಗೆ ಯಾರು ಸಾರ್ ಹೇಳೋರು?" ನನ್ನಲ್ಲಿ ಉತ್ತರ ಇರಲಿಲ್ಲ. ಮೇಲ್ಮನವಿ ಹಾಕಿದ್ದೇವೆ. 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಮುಂದಿನ ಆದೇಶದವರೆಗೆ ಈ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬೇಡಿ ಎಂದು ಮಧ್ಯಂತರ ಆದೇಶ ಕೊಟ್ಟಿದೆ. ಅದೇ ಈಗ ನಮಗಿರುವ ಆಸೆ.

ಸುಳ್ಳು ಕೇಸುಗಳೂ ಇವೆ, ಮುಚ್ಚಿಡುವುದಿಲ್ಲ. ತಾನೇ ಸ್ಕಿಡ್ ಆಗಿ ಬಿದ್ದವನಿಗೆ ಇನ್ಶೂರೆನ್ಸ್ ಇರುವ ಗಾಡಿಯೊಂದು ಗುದ್ದಿತು ಎಂದು ಬರೆಸುತ್ತಾರೆ. ಉತ್ತರ ಪ್ರದೇಶದಲ್ಲಂತೂ ಇದರ ತನಿಖೆಗೆ ಹೈಕೋರ್ಟ್ ಆದೇಶದಂತೆ 2015ರಲ್ಲಿ ವಿಶೇಷ ತನಿಖಾ ತಂಡವನ್ನೇ (ಎಸ್‌ಐಟಿ) ಮಾಡಬೇಕಾಯಿತು. ಇಂಥ ಕೇಸಿನಲ್ಲಿ ನಮ್ಮ ವೃತ್ತಿಯವರೂ ಇರುತ್ತಾರೆ ಎಂಬುದು ನನಗೆ ನಾಚಿಕೆಯ ವಿಷಯ. ಇದಕ್ಕೆ ಮದ್ದು ಪರಿಹಾರಕ್ಕೆ ಮಿತಿ ಹಾಕುವುದಲ್ಲ. 48 ಗಂಟೆಯೊಳಗೆ ಪೊಲೀಸರು ಮೊದಲ ಅಪಘಾತ ವರದಿಯನ್ನು ಪರಿಹಾರ ತೀರ್ಮಾನಿಸುವ ಟ್ರಿಬ್ಯೂನಲ್‌ಗೂ ಕಂಪನಿಗೂ ಕಳಿಸಬೇಕು ಎಂಬ ನಿಯಮ 2022ರಲ್ಲೇ ಬಂದಿದೆ. ಅದನ್ನು ಸರಿಯಾಗಿ ಪಾಲಿಸಿದರೆ ಆಮೇಲೆ ಗಾಡಿ ಬದಲಿಸಲು ಆಗುವುದಿಲ್ಲ. ಹಾಗೆಯೇ ದೇಶದ ಅರ್ಧಕ್ಕೂ ಹೆಚ್ಚು ಗಾಡಿಗಳು ಇನ್ಶೂರೆನ್ಸ್ ಇಲ್ಲದೆ ಓಡುತ್ತಿವೆ. ಅವರೆಲ್ಲ ಪ್ರೀಮಿಯಂ ಕಟ್ಟಿದರೆ ನಿಮ್ಮ ಹೊರೆ ಇಳಿಯುವ ಸಾಧ್ಯತೆ ಹೆಚ್ಚು.

ನಿಮ್ಮ 17 ಸಾವಿರಕ್ಕೆ ಬರುತ್ತೇನೆ. ಪಾಲಿಸಿಯಲ್ಲಿ ಓನ್ ಡ್ಯಾಮೇಜ್ (ನಿಮ್ಮದೇ ಕಾರಿನ ಹಾನಿಗೆ) ಮತ್ತು ಥರ್ಡ್ ಪಾರ್ಟಿ ಎರಡನ್ನೂ ಬೇರೆ ಬೇರೆ ತೋರಿಸಿರುತ್ತಾರೆ. ಕಾರು ಹಳೆಯದಾಗಿದ್ದರೆ ಓನ್ ಡ್ಯಾಮೇಜ್ ಬೇಕೇ, ಯಾವ ಆಡ್-ಆನ್ ಬಿಡಬಹುದು ಎಂದು ಏಜೆಂಟನ್ನು ಕೇಳಿ. ಎರಡು ಮೂರು ಕಡೆ ದರ ವಿಚಾರಿಸಿ. ಹಿಂದೆ ಕ್ಲೇಮ್ ಮಾಡದವರಿಗೆ ಸಿಗುವ ರಿಯಾಯಿತಿಯಾದ ನೋ ಕ್ಲೇಮ್ ಬೋನಸ್ ಸರಿಯಾಗಿ ಹಾಕಿದ್ದಾರೆಯೇ ನೋಡಿ. ಥರ್ಡ್ ಪಾರ್ಟಿಯನ್ನು ಮಾತ್ರ ಒಂದು ದಿನವೂ ತಪ್ಪಿಸಬೇಡಿ.