ಮೋಟರ್ ಆಮೇಲೆ, ಮೊದಲು ಸ್ಕ್ರೂ

ಪ್ರಶ್ನೆ: ನನ್ನ ಬಳಿ ತಿರುಗುವ ಕಟ್ಟರಿನಿಂದ ಲೋಹ ಕೊರೆಯುವ, ಮೇಜಿನ ಮೇಲಿಡುವ ಸಣ್ಣ ಮಿಲ್ಲಿಂಗ್ ಯಂತ್ರವಿದೆ. ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್ ಮೋಟರ್ ಜೋಡಿಸಿ ಕಂಪ್ಯೂಟರಿನಿಂದ ನಡೆಸುವ ಆಸೆ. ಟೇಬಲ್ಲನ್ನೂ ತಲೆಯನ್ನೂ ಸರಿಸುವ ಹಳೆಯ ಲೀಡ್ ಸ್ಕ್ರೂಗಳನ್ನೇ ಉಳಿಸಿಕೊಳ್ಳಬಹುದೇ? ಬ್ಯಾಕ್‌ಲ್ಯಾಷನ್ನು, ಅಂದರೆ ಸ್ಕ್ರೂ ಮತ್ತು ನಟ್ಟಿನ ನಡುವಿನ ಸಡಿಲವನ್ನು, ತಂತ್ರಾಂಶವೇ ಸರಿದೂಗಿಸುತ್ತದೆ ಎನ್ನುತ್ತಾರೆ, ನಿಜವೇ?

ಉತ್ತರ: ಅರ್ಧ ಮಾತ್ರ ನಿಜ. ಏನನ್ನೂ ಕೊಳ್ಳುವ ಮೊದಲು ಗಿಬ್‌ಗಳನ್ನು (ಜಾರುವ ಭಾಗಗಳ ಅಲುಗಾಟ ತಡೆಯುವ ಪಟ್ಟಿಗಳನ್ನು) ಬಿಗಿಮಾಡಿ, ಟೇಬಲ್ಲಿಗೆ ಸಣ್ಣ ಚಲನೆಯನ್ನೂ ಮುಳ್ಳಿನಿಂದ ತೋರಿಸುವ ಡಯಲ್ ಗೇಜ್ ತಾಗಿಸಿ ನಿಲ್ಲಿಸಿ. ಮುಳ್ಳು ಅಲುಗುವವರೆಗೆ ಹ್ಯಾಂಡಲನ್ನು ಒಂದು ದಿಕ್ಕಿಗೆ ತಿರುಗಿಸಿ, ಅಲ್ಲಿಂದ ಹಿಂದಕ್ಕೆ ತಿರುಗಿಸಿ. ಮುಳ್ಳು ಮತ್ತೆ ಅಲುಗುವ ಮೊದಲು ಹ್ಯಾಂಡಲು ಎಷ್ಟು ಸುಮ್ಮನೆ ತಿರುಗಿತೋ ಅದೇ ಬ್ಯಾಕ್‌ಲ್ಯಾಷ್.

ನನ್ನ ಯಂತ್ರದಲ್ಲಿ ಅದು 0.25 ಮಿ.ಮೀ. ಇತ್ತು. ಆ ಅಂಕಿಯನ್ನು ತಂತ್ರಾಂಶಕ್ಕೆ ಕೊಟ್ಟು, ಅಲ್ಯೂಮಿನಿಯಂ ತಟ್ಟೆಯಲ್ಲಿ ಒಂದು ವೃತ್ತ ಕೊರೆದೆ. ಅಕ್ಷಗಳು ದಿಕ್ಕು ಬದಲಿಸುವ ನಾಲ್ಕೂ ಕಡೆ ಗೀರು ಬಿದ್ದವು. ಸಡಿಲ ಎಷ್ಟಿದೆ ಎಂಬುದು ತಂತ್ರಾಂಶಕ್ಕೆ ಗೊತ್ತಿರುತ್ತದೆ; ಆ ಸಡಿಲದೊಳಗೆ ಟೇಬಲ್ ಈಗ ಎಲ್ಲಿ ನಿಂತಿದೆ ಎಂಬುದು ಗೊತ್ತಿರುವುದಿಲ್ಲ. ಕಟ್ಟರಿನ ಹಲ್ಲು ಲೋಹವನ್ನು ತನ್ನತ್ತ ಎಳೆದುಕೊಂಡಾಗ ಟೇಬಲ್ ಅಷ್ಟು ದೂರ ಜಿಗಿದೇಬಿಡುತ್ತದೆ. ಆದ್ದರಿಂದ ಹಣವನ್ನು ಮೊದಲು, ನಟ್ಟಿನೊಳಗೆ ಗುಂಡುಗಳು ಉರುಳುವ, ಸಡಿಲ ತೀರ ಕಡಿಮೆ ಇರುವ ಬಾಲ್ ಸ್ಕ್ರೂಗೆ ಹಾಕಿ. ಈ ಮಾತಿನಲ್ಲಿ ನನಗೆ ಸಂದೇಹವೇ ಇಲ್ಲ.

ಲೆಕ್ಕ ಸುಲಭ. ಸಾಮಾನ್ಯ ಸ್ಟೆಪ್ಪರ್ ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ಮೋಟರನ್ನು ನಡೆಸುವ ವಿದ್ಯುತ್ ಸಾಧನವಾದ ಡ್ರೈವರಿನಲ್ಲಿ ಪ್ರತಿ ಹೆಜ್ಜೆಯನ್ನು ಎಂಟಾಗಿ ಒಡೆದರೆ 1600. ಸ್ಕ್ರೂವಿನ ಪಿಚ್ (ಒಂದು ಸುತ್ತಿಗೆ ಸರಿಸುವ ದೂರ) 5 ಮಿ.ಮೀ. ಆದರೆ ಒಂದು ಮಿಲಿಮೀಟರಿಗೆ 320 ಹೆಜ್ಜೆ. ಕಾಗದದ ಮೇಲಿನ ಈ ನಯವೆಲ್ಲ ಯಂತ್ರದಲ್ಲಿ ಸಿಗುತ್ತದೆ ಎಂದುಕೊಳ್ಳಬೇಡಿ. ವೇಗ ಹೆಚ್ಚಿದಂತೆ ಸ್ಟೆಪ್ಪರಿನ ಬಲ ಕುಗ್ಗುತ್ತದೆ; ಎಷ್ಟು ತಿರುಗಿತೆಂದು ಅಳೆದು ತಿಳಿಸುವ ಎನ್‌ಕೋಡರ್ ಇಲ್ಲದಿದ್ದರೆ ತಪ್ಪಿದ ಹೆಜ್ಜೆ ಕಂಪ್ಯೂಟರಿಗೆ ತಿಳಿಯುವುದೂ ಇಲ್ಲ.

ನಿಮ್ಮ ಆಸೆಯನ್ನು ಕೈಬಿಡಬೇಡಿ. 1952ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ ಪ್ರದರ್ಶಿಸಿದ ಸಂಖ್ಯಾ ನಿಯಂತ್ರಿತ ಮಿಲ್ಲಿಂಗ್ ಯಂತ್ರ ಕೂಡ ಸಿನ್ಸಿನ್ನಾಟಿ ಹೈಡ್ರೋಟೆಲ್ ಎಂಬ ಯಂತ್ರವನ್ನು ಮಾರ್ಪಡಿಸಿ ಮಾಡಿದ್ದೇ.

ನೀವು ಕೇಳದ ಒಂದು ವಿಷಯವನ್ನು ಹೇಳಲೇಬೇಕು. ಹಳೆಯ ಸ್ಕ್ರೂ, ಕಟ್ಟರ್ ಇರುವ ಯಂತ್ರದ ತಲೆಯ ಭಾರವನ್ನು ತಾನೇ ಹಿಡಿದಿಡುತ್ತಿತ್ತು. ಬಾಲ್ ಸ್ಕ್ರೂ ಹಾಗೆ ಹಿಡಿಯುವುದಿಲ್ಲ. ಒಮ್ಮೆ ತುರ್ತು ಗುಂಡಿ ಒತ್ತಿದೆ. ಮೋಟರಿಗೆ ವಿದ್ಯುತ್ ನಿಂತಿತು, ತಲೆ ಜಾರಿ ಇಳಿದು ಕಟ್ಟರ್, ಲೋಹದ ತುಂಡನ್ನು ಹಿಡಿದಿಡುವ ವೈಸ್‌ಗೆ ಕಚ್ಚಿಕೊಂಡಿತು. ನನ್ನ ಕೈ ಅಲ್ಲಿಂದ ಒಂದು ಗೇಣು ದೂರದಲ್ಲಿತ್ತು. ಮೇಲೆ-ಕೆಳಗೆ ಚಲಿಸುವ ಅಕ್ಷಕ್ಕೆ, ವಿದ್ಯುತ್ ಹೋದೊಡನೆ ತಾನಾಗಿ ಹಿಡಿಯುವ ಬ್ರೇಕ್ ಇರುವ ಮೋಟರನ್ನೇ ಹಾಕಿ.